ಅಜೀರ್ಣ: ಕಾರಣ ಹುಡುಕದೆ ಔಷಧ ಬೇಡ



ಅಡಿಕೆ ಮರದ ಸೋಗೆ ಹಳದಿಯಾದರೆ ನಾವು ಸುಮ್ಮನೆ ಗೊಬ್ಬರ ಸುರಿಯುವುದಿಲ್ಲ. ಬಸಿಗಾಲುವೆ ಕಟ್ಟಿದೆಯೇ, ಬೇರುಹುಳುವಿದೆಯೇ, ಹಳದಿ ಎಲೆ ರೋಗವೇ ಎಂದು ಬುಡ ಬಿಡಿಸಿ ನೋಡುತ್ತೇವೆ. ಹೊಟ್ಟೆಯ ವಿಷಯದಲ್ಲಿ ಮಾತ್ರ ಈ ವಿವೇಕ ನಮಗಿಲ್ಲ. ಊಟವಾದೊಡನೆ ಹೊಟ್ಟೆಯುಬ್ಬರ, ಹುಳಿತೇಗು, ಮೇಲ್ಹೊಟ್ಟೆಯಲ್ಲಿ ಉರಿ ಕಂಡರೆ 'ಗ್ಯಾಸ್' ಎಂದು ಹೆಸರಿಟ್ಟು ಸೋಡಾ ಕುಡಿಯುತ್ತೇವೆ.

ನಾನೂ ಮೂರು ವರ್ಷ ಹಾಗೆಯೇ ಕಳೆದೆ. ಕಾಫಿ ಕೊಯ್ಲು ಮುಗಿಯಲಿ, ಆಮೇಲೆ ನೋಡೋಣ ಎಂದು ಮುಂದೂಡಿದೆ. ಕೊನೆಗೆ ವೈದ್ಯರು ಕೇಳಿದ ಮೊದಲ ಪ್ರಶ್ನೆ ಊಟದ ಬಗ್ಗೆ ಅಲ್ಲ, ನೋವಿನ ಮಾತ್ರೆಯ ಬಗ್ಗೆ. ಸೊಂಟನೋವಿಗೆಂದು ಅಂಗಡಿಯಿಂದ ತಂದು ನುಂಗುತ್ತಿದ್ದೆ. ಎಂಡೋಸ್ಕೋಪಿಯಲ್ಲಿ ಜಠರದ ಹುಣ್ಣು ಕಂಡಿತು.

ಮುಖ್ಯ ಕಾರಣಗಳನ್ನು ತಿಳಿದಿರೋಣ.

1. ನೋವಿನ ಮಾತ್ರೆ: ಡೈಕ್ಲೊಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಜಠರದ ಒಳಪೊರೆಯ ರಕ್ಷಣೆಯನ್ನು ಕುಂದಿಸುತ್ತವೆ. ಆದರೆ ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್ನನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

2. ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ: ಹುಣ್ಣಿಗೆ ಖಾರ, ಚಿಂತೆಗಳೇ ಕಾರಣವೆಂದು ನಂಬಿದ್ದ ಕಾಲದಲ್ಲಿ, ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಈ ಜೀವಾಣುವನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು. ಅವರಿಗೂ ರಾಬಿನ್ ವಾರನ್ ಅವರಿಗೂ 2005ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಪರೀಕ್ಷೆಯಲ್ಲಿ ಇದು ಪತ್ತೆಯಾದರೆ ಸುಮಾರು 14 ದಿನಗಳ ಔಷಧ ಕೊಡುತ್ತಾರೆ, ನಡುವೆ ಬಿಡಬಾರದು.

3. ಪರೀಕ್ಷೆಯಲ್ಲಿ ಏನೂ ಕಾಣದ ಅಜೀರ್ಣ: ಇಂಥವರೇ ಹೆಚ್ಚು. ಜಠರ ಸರಿಯಾಗಿ ಸಡಿಲಗೊಳ್ಳದೆ, ನಿಧಾನವಾಗಿ ಖಾಲಿಯಾಗಿ, ಅಥವಾ ಅದರ ನರಗಳು ಅತಿಸೂಕ್ಷ್ಮವಾಗಿ ಹೀಗಾಗಬಹುದು. ಇದು ಭ್ರಮೆಯಲ್ಲ, ಇದಕ್ಕೂ ಚಿಕಿತ್ಸೆಯಿದೆ. ಹೊತ್ತಿಗೆ ಸರಿಯಾಗಿ ಮಿತವಾಗಿ ಉಣ್ಣುವುದು ಹಲವರಿಗೆ ಸಹಾಯಕ. ಕಾಫಿ ಬೆಳೆಗಾರನಾಗಿ ಹೇಳಲು ಸಂಕೋಚವಾದರೂ, ಕೆಲವರಿಗೆ ಕಾಫಿ ಉರಿ ಹೆಚ್ಚಿಸುತ್ತದೆ.

ತೂಕ ಇಳಿಯುವುದು, ಮಲ ಡಾಂಬರಿನಂತೆ ಕಪ್ಪಾಗುವುದು, ನುಂಗಲು ತೊಡಕು, ಪದೇ ಪದೇ ವಾಂತಿ, ಅಥವಾ ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ಅಜೀರ್ಣ: ಇವುಗಳಲ್ಲಿ ಒಂದಿದ್ದರೂ ತಡಮಾಡಬೇಡಿ. ಗುಡ್ಡ ಹತ್ತುವಾಗ ಎದೆ ಬಿಗಿದು ಬೆವರಿದರೆ ಅದು ಗ್ಯಾಸ್ ಅಲ್ಲ, ಹೃದಯದ ತೊಂದರೆಯಿರಬಹುದು. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ನಮ್ಮ ತೋಟದ ಆಳುಕಾಳುಗಳಿಗೂ ಈ ಮಾತು ತಿಳಿಸಿ. ಕೊಯ್ಲು ಮುಂದಿನ ವರ್ಷವೂ ಬರುತ್ತದೆ. ಅದನ್ನು ನೋಡಲು ನಾವಿರಬೇಕು.

– ಕಾರ್ಯದರ್ಶಿ