ಪದರ ಕಿತ್ತು ಕಲಿಯುವ ಸಂಗೀತ

ವಿಷಯ: ವಿಜ್ಞಾನ. ತರಗತಿ: 9. ಘಟಕ: ಶಬ್ದ. ಅವಧಿ: 40 ನಿಮಿಷಗಳ 3 ತರಗತಿಗಳು, ಕಂಪ್ಯೂಟರ್ ಕೊಠಡಿಯಲ್ಲಿ.

ಬೋಧನಾ ಸೂತ್ರಗಳನ್ನು ಮೊದಲ ಸೆಮಿಸ್ಟರ್‌ನಲ್ಲಿ ಬಾಯಿಪಾಠ ಮಾಡುವಾಗ ‘ಸರಳದಿಂದ ಸಂಕೀರ್ಣಕ್ಕೆ’, ‘ಪೂರ್ಣದಿಂದ ಭಾಗಕ್ಕೆ’ ಎಂಬೆರಡನ್ನೂ ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಇವೆರಡೂ ಒಂದಕ್ಕೊಂದು ಎದುರಾಗಿ ನಿಲ್ಲುವುದುಂಟು ಎಂಬುದು ಪಾಠಯೋಜನೆ ಬರೆಯಲು ಕುಳಿತಾಗಲೇ ತಿಳಿಯುವುದು. ಶಬ್ದದ ಘಟಕಕ್ಕೆ ಪೂರಕ ಚಟುವಟಿಕೆಯಾಗಿ ಎಲೆಕ್ಟ್ರಾನಿಕ್ ಸಂಗೀತ ರಚನೆಯನ್ನು ಆರಿಸಿಕೊಂಡಾಗ ನನ್ನ ಮುಂದಿದ್ದುದು ಇದೇ ಪ್ರಶ್ನೆ. ಏನೂ ತಿಳಿಯದ ಮಗುವಿನ ಕೈಗೆ ಮೊದಲು ಒಂದು ಡ್ರಮ್ ಕೊಡಬೇಕೋ, ಐದು ಪದರಗಳ ಇಡೀ ತುಣುಕನ್ನೇ ಕೊಡಬೇಕೋ?

ಕಂಪ್ಯೂಟರ್‌ನಲ್ಲಿ ಕಟ್ಟುವ ಸಂಗೀತದಲ್ಲಿ ಸಾಮಾನ್ಯವಾಗಿ ಕೆಳಗೆ ಕಿಕ್ ಡ್ರಮ್, ಅದರ ಜೊತೆಗೆ ಬೇಸ್, ನಡುವೆ ಎಳೆದು ನಿಲ್ಲುವ ಸ್ವರಗಳ ಹಾಸು, ಅದರ ಮೇಲೆ ರಾಗದ ಎಳೆ, ತುದಿಯಲ್ಲಿ ಚಿಟಿಚಿಟಿ ಎನ್ನುವ ಹೈಹ್ಯಾಟ್ ಇರುತ್ತವೆ. ಇವುಗಳಲ್ಲಿ ಯಾವುದೂ ಒಂದೊಂದಾಗಿ ಕಷ್ಟವಲ್ಲ. ಕಿಕ್ ಡ್ರಮ್ಮನ್ನು 16 ಮನೆಗಳ ಸಾಲಿನಲ್ಲಿ ನಾಲ್ಕು ಕಡೆ ಇಡಲು ಮಗುವಿಗೆ ಎರಡು ನಿಮಿಷ ಸಾಕು. ಕಷ್ಟವಿರುವುದು ಇವುಗಳ ಸಂಬಂಧದಲ್ಲಿ. ಹೀಗಿರುವಾಗ ಡ್ರಮ್‌ನಿಂದ ಆರಂಭಿಸಿ ಒಂದರ ಮೇಲೊಂದು ಪೇರಿಸುತ್ತ ಹೋಗುವ ‘ಸರಳ’ ದಾರಿಯಲ್ಲಿ, ಕಲಿಯಬೇಕಾದ ಸಂಗತಿ ಕೊನೆಯವರೆಗೂ ಎದುರಾಗುವುದೇ ಇಲ್ಲ. ಎದುರಾದಾಗ ಐದು ಪದರಗಳೂ ಕಲಸಿಕೊಂಡು ಗದ್ದಲವಾಗಿರುತ್ತವೆ. ಯಾವುದನ್ನು ಸರಿಪಡಿಸಬೇಕೆಂಬುದೇ ತೋಚುವುದಿಲ್ಲ.

ಈ ಸಂಗೀತದ ಚರಿತ್ರೆಯೂ ಪೂರ್ಣದ ಕಡೆಗೇ ಬೆರಳು ತೋರಿಸುತ್ತದೆ. ಅಮೆರಿಕದ ವೆಂಡಿ ಕಾರ್ಲೋಸ್ 1968ರಲ್ಲಿ ಹೊರತಂದ ‘ಸ್ವಿಚ್ಡ್ ಆನ್ ಬಾಖ್’ ಧ್ವನಿಮುದ್ರಿಕೆಗೆ ಬಳಸಿದ ಮೂಗ್ ಸಿಂಥಸೈಜರ್ ಒಂದು ಸಲಕ್ಕೆ ಒಂದೇ ಸ್ವರವನ್ನು ನುಡಿಸಬಲ್ಲದಾಗಿತ್ತು. ಹಾಗಾಗಿ ಪ್ರತಿ ಎಳೆಯನ್ನೂ ಬೇರೆ ಬೇರೆಯಾಗಿ ಟೇಪಿಗೆ ಇಳಿಸಿ ಹೆಣೆಯಬೇಕಾಯಿತು. ಹೊರನೋಟಕ್ಕೆ ಇದು ಪೇರಿಸುವ ಕೆಲಸವೇ. ಆದರೆ ಬಾಖ್‌ನ ಸ್ವರಲಿಪಿ ಪೂರ್ತಿಯಾಗಿ ಕಣ್ಣಮುಂದೆ ಇತ್ತು. ಅದಕ್ಕೂ ಐದು ವರ್ಷ ಮೊದಲು, 1963ರಲ್ಲಿ, ಬಿಬಿಸಿಯ ರೇಡಿಯೋಫೋನಿಕ್ ವರ್ಕ್‌ಶಾಪ್‌ನಲ್ಲಿ ಡೆಲಿಯಾ ಡರ್ಬಿಶೈರ್ ಅವರು ‘ಡಾಕ್ಟರ್ ಹೂ’ ಧಾರಾವಾಹಿಯ ಶೀರ್ಷಿಕೆ ಸಂಗೀತವನ್ನು ಟೇಪಿನ ತುಂಡುಗಳನ್ನು ಕತ್ತರಿಸಿ ಅಂಟಿಸಿ ಸಿದ್ಧಪಡಿಸಿದರು. ಅವರ ಕೈಯಲ್ಲೂ ರಾನ್ ಗ್ರೇನರ್ ಬರೆದುಕೊಟ್ಟ ರಚನೆ ಇತ್ತು. 1982ರಲ್ಲಿ ಮುಂಬೈಯ ಚರಣ್‌ಜಿತ್ ಸಿಂಗ್ ಡ್ರಮ್ ಮಷೀನ್, ಬೇಸ್ ಮಷೀನ್ ಮತ್ತು ಸಿಂಥಸೈಜರ್‌ಗಳ ಮೇಲೆ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿದಾಗ ರಾಗವೇ ಅವರ ಪೂರ್ಣವಾಗಿತ್ತು. ಅಂದು ಯಾರೂ ಅಷ್ಟಾಗಿ ಗಮನಿಸದ ಆ ಮುದ್ರಿಕೆಯನ್ನು, ಮುಂದೆ ಶಿಕಾಗೊದಲ್ಲಿ ಹುಟ್ಟಿದ ಆ್ಯಸಿಡ್ ಹೌಸ್ ಸಂಗೀತಕ್ಕೆ ಹೋಲಿಸಿ ಈಗ ಜಗತ್ತು ಕೇಳುತ್ತಿದೆ. ಈ ಮೂವರೂ ಪದರ ಪದರವಾಗಿ ಕಟ್ಟಿದರು, ನಿಜ. ಇಡೀ ಕಟ್ಟಡದ ನಕ್ಷೆ ಮಾತ್ರ ಮೊದಲೇ ಅವರಲ್ಲಿತ್ತು. ಒಂಬತ್ತನೇ ತರಗತಿಯ ಮಗುವಿನಲ್ಲಿ ಅದು ಇರುವುದಿಲ್ಲ. ಅದನ್ನು ನಾವು ಒದಗಿಸಬೇಕು.

ಪೂರ್ವಜ್ಞಾನಕ್ಕೆ ನಾನು ಬಳಸಿದ್ದು ಯಕ್ಷಗಾನದ ಹಿಮ್ಮೇಳ. ಕರಾವಳಿಯ ಮಕ್ಕಳಿಗೆ ಅದನ್ನು ಕಲಿಸಬೇಕಾಗಿಲ್ಲ. “ಭಾಗವತರು ಶೋಕದ ಪದ್ಯ ಹೇಳುವಾಗ ಚೆಂಡೆ ಏನು ಮಾಡುತ್ತದೆ?” ಎಂದು ಕೇಳಿದರೆ “ಸುಮ್ಮನಿರ್ತದೆ ಟೀಚರ್, ಮದ್ದಳೆ ಮಾತ್ರ” ಎಂಬ ಉತ್ತರ ಹಿಂದಿನ ಬೆಂಚಿನಿಂದಲೇ ಬಂತು. ಶ್ರುತಿ, ತಾಳ, ಪದ್ಯ, ಮದ್ದಳೆ, ಚೆಂಡೆ: ಪದರಗಳೆಂದರೆ ಇವೇ. ಎಲ್ಲವೂ ಎಲ್ಲ ಹೊತ್ತಿನಲ್ಲೂ ನುಡಿಯುವುದಿಲ್ಲ ಎಂಬುದು ಮಕ್ಕಳಿಗೆ ಗೊತ್ತಿತ್ತು. ಅದೊಂದು ತಿಳಿವಳಿಕೆ ಎಂಬುದು ಗೊತ್ತಿರಲಿಲ್ಲ, ಅಷ್ಟೆ.

ಮೊದಲ ತರಗತಿಗೆ ಎಲ್‌ಎಂಎಂಎಸ್ ಎಂಬ ಉಚಿತ ತಂತ್ರಾಂಶದಲ್ಲಿ 32 ಸೆಕೆಂಡಿನ ಒಂದು ತುಣುಕನ್ನು ಮಾಡಿಕೊಂಡು ಹೋಗಿದ್ದೆ. ಮೋಹನ ರಾಗದ ಐದು ಸ್ವರಗಳು, ನಿಮಿಷಕ್ಕೆ 120 ಬಡಿತ. ಐದು ಪದರಗಳನ್ನು ಐದು ಕಡತಗಳಾಗಿ ಉಳಿಸಿ, ಆಡಾಸಿಟಿಯಲ್ಲಿ ಒಂದರ ಕೆಳಗೊಂದು ತೆರೆದಿಟ್ಟಿದ್ದೆ. ಅಲ್ಲಿ ಪ್ರತಿ ಪದರಕ್ಕೂ ಒಂದು ಮ್ಯೂಟ್ ಗುಂಡಿ ಇದೆ. ಮಕ್ಕಳಿಗಿದ್ದ ಕೆಲಸ ಇಷ್ಟೇ: ಯಾವ ಪದರವನ್ನು ತೆಗೆದರೆ ಹೆಚ್ಚು ಕೊರತೆ ಕಾಣುತ್ತದೆ ಎಂದು ಮೊದಲು ಬರೆಯಿರಿ, ಅನಂತರ ತೆಗೆದು ಕೇಳಿ.

ಬಹುತೇಕ ಎಲ್ಲರೂ ರಾಗದ ಎಳೆ ಎಂದು ಬರೆದರು. ಬೇಸ್ ಎಂದು ಬರೆದವರೇ ಇಲ್ಲ. ಕಂಪ್ಯೂಟರ್‌ನ ಸಣ್ಣ ಸ್ಪೀಕರ್‌ನಲ್ಲಿ ಬೇಸನ್ನು ತೆಗೆದಾಗ ಏನೂ ಬದಲಾಗಲೂ ಇಲ್ಲ. ಹೆಡ್‌ಫೋನ್ ಹಾಕಿಕೊಂಡು ತೆಗೆದಾಗ ನೆಲವೇ ಕುಸಿದಂತಾಯಿತು. ಈ ವ್ಯತ್ಯಾಸದಿಂದಲೇ ಪಾಠ ಆರಂಭವಾಯಿತು. ಆ ಬೇಸ್ 55 ಹರ್ಟ್ಸ್‌ನ ಸೈನ್ ತರಂಗ. ಸಣ್ಣ ಸ್ಪೀಕರ್‌ನ ಹಾಳೆ ಅಷ್ಟು ಕಡಿಮೆ ಆವೃತ್ತಿಯಲ್ಲಿ ಗಾಳಿಯನ್ನು ಸಾಕಷ್ಟು ತಳ್ಳಲಾರದು. ಅದೇ 55 ಹರ್ಟ್ಸನ್ನು ಗರಗಸದ ಹಲ್ಲಿನ ಆಕಾರದ ತರಂಗಕ್ಕೆ ಬದಲಿಸಿದೊಡನೆ ಸಣ್ಣ ಸ್ಪೀಕರ್‌ನಲ್ಲೂ ಬೇಸ್ ಕೇಳಿಸಿತು. ಕಾರಣ, ಆ ತರಂಗದಲ್ಲಿ 110, 165, 220 ಹೀಗೆ ಮೂಲ ಆವೃತ್ತಿಯ ಗುಣಕಗಳೆಲ್ಲ ಸೇರಿರುತ್ತವೆ. ಸ್ಪೀಕರ್ ಮೇಲಿನವನ್ನು ನುಡಿಸುತ್ತದೆ, ಕೆಳಗಿನ ಸ್ಥಾಯಿಯನ್ನು ನಮ್ಮ ಮಿದುಳೇ ಊಹಿಸಿಕೊಳ್ಳುತ್ತದೆ. ಧ್ವನಿಯ ಗುಣ ಎಂಬ ಪಾರಿಭಾಷಿಕ ಪದವನ್ನು ಕಪ್ಪುಹಲಗೆಯ ಮೇಲೆ ಬರೆದದ್ದು ಇದೆಲ್ಲ ಆದ ಮೇಲೆ.

ಎರಡನೆಯ ತರಗತಿಯಲ್ಲಿ ಪದರಗಳು ಹೇಗೆ ಡಿಕ್ಕಿ ಹೊಡೆಯುತ್ತವೆ ಎಂಬುದನ್ನು ನೋಡಿದೆವು. ಆಡಾಸಿಟಿಯಲ್ಲಿ ಹೊಸ ಸ್ವರವನ್ನು ಉತ್ಪಾದಿಸಿದರೆ ಅದರ ಪಾರ ತಾನಾಗಿಯೇ 0.8 ಆಗಿರುತ್ತದೆ, ಗರಿಷ್ಠ ಮಿತಿ 1. ಇಂಥ ಎರಡು ಸ್ವರಗಳು ಸೇರಿ ಶೃಂಗಗಳು ಒಂದೆಡೆ ಬಿದ್ದರೆ ಮೊತ್ತ 1.6ರವರೆಗೆ ಹೋಗಬಹುದು. ಮಿತಿ ಮೀರಿದ ಭಾಗ ಕತ್ತರಿಸಿಹೋಗಿ ದನಿ ಒಡಕಲಾಗುತ್ತದೆ, ಮಾಪಕ ಕೆಂಪಾಗುತ್ತದೆ. ಹೊಸಬರು ಪದರ ಸೇರಿಸಿದಂತೆಲ್ಲ ಸಂಗೀತ ಏಕೆ ಕೆಡುತ್ತದೆ ಎಂಬುದಕ್ಕೆ ಅರ್ಧ ಉತ್ತರ ಈ ಕೂಡುವ ಲೆಕ್ಕದಲ್ಲೇ ಇದೆ. ಎರಡನ್ನೂ 0.4ಕ್ಕೆ ಇಳಿಸಿ ಎಂದರೆ ಮಕ್ಕಳು ಒಪ್ಪುವುದಿಲ್ಲ, ಎಲ್ಲರಿಗೂ ತಮ್ಮ ಪದರವೇ ಜೋರಾಗಿರಬೇಕು. ಕೆಂಪು ಬಣ್ಣವನ್ನು ತೋರಿಸಿದ ಮೇಲೆ ಒಪ್ಪಿದರು.

ಮುಂದೆ 220 ಮತ್ತು 222 ಹರ್ಟ್ಸ್‌ನ ಎರಡು ಸ್ವರಗಳನ್ನು ಒಟ್ಟಿಗೆ ನುಡಿಸಿದೆವು. ದನಿ ಸೆಕೆಂಡಿಗೆ ಎರಡು ಸಲ ಏರಿ ಇಳಿಯಿತು. ಮಕ್ಕಳು ಮೇಜಿನ ಮೇಲೆ ಬೆರಳು ಬಡಿದು ಎಣಿಸಿದರು. 223 ಮಾಡಿದರೆ ಎಷ್ಟು ಎಂಬ ಪ್ರಶ್ನೆಗೆ ನುಡಿಸುವ ಮೊದಲೇ ಉತ್ತರ ಬಂತು. ಸಂಗೀತ ಕಟ್ಟುವವರು ಬಡಕಲಾದ ದನಿಯನ್ನು ದಪ್ಪವಾಗಿಸಲು ಎರಡು ಸ್ವರಗಳನ್ನು ಹೀಗೆ ಬೇಕೆಂದೇ ಚೂರು ಸರಿಸುತ್ತಾರೆ. ಕೊನೆಯಲ್ಲಿ ಒಂದೇ ಸ್ವರದ ಎರಡು ಪ್ರತಿ ಮಾಡಿ, ಒಂದನ್ನು ಇನ್ವರ್ಟ್ ಆಯ್ಕೆಯಿಂದ ತಲೆಕೆಳಗು ಮಾಡಿ ಒಟ್ಟಿಗೆ ನುಡಿಸಿದಾಗ ಪೂರ್ಣ ನಿಶ್ಶಬ್ದ. “ಎರಡು ಸೇರಿದ್ರೆ ಜೋರಾಗ್ಬೇಕಲ್ವಾ ಟೀಚರ್? ಇದು ಸತ್ತೇ ಹೋಯ್ತು!” ಎಂದಳು ಒಬ್ಬಳು. ಶೃಂಗಕ್ಕೆ ಗರ್ತ ಸೇರಿದರೆ ಸೊನ್ನೆ ಎಂಬುದನ್ನು ಚಿತ್ರ ಬಿಡಿಸಿ ವಿವರಿಸಿದ್ದು ಅವಳ ಪಕ್ಕದ ಹುಡುಗ.

ಪಾಠ ವೀಕ್ಷಿಸಿದ ಹಿರಿಯ ಶಿಕ್ಷಕರ ಆಕ್ಷೇಪವನ್ನು ಇಲ್ಲಿ ದಾಖಲಿಸಲೇಬೇಕು. “ಇದು ವಿಜ್ಞಾನದ ಪಾಠವೋ, ಸಂಗೀತದ್ದೋ? ಪರೀಕ್ಷೆಯಲ್ಲಿ ಇದಕ್ಕೆ ಎಷ್ಟು ಅಂಕ?” ಎಂದು ಅವರು ಕೇಳಿದರು. ಆಕ್ಷೇಪದಲ್ಲಿ ಹುರುಳಿದೆ. ತರಂಗಗಳು ಸೇರಿ ಸೊನ್ನೆಯಾಗುವುದು ಒಂಬತ್ತನೇ ತರಗತಿಯ ಪಠ್ಯವನ್ನು ದಾಟಿದ ವಿಷಯ. ಆದರೂ ಆವೃತ್ತಿ, ಪಾರ, ಗುಣ ಎಂಬ ಮೂರು ಪದಗಳನ್ನು ಮಕ್ಕಳು ವ್ಯಾಖ್ಯೆಯಾಗಿ ಒಪ್ಪಿಸುವುದಕ್ಕೂ, ಎರಡು ಪದರಗಳ ಜಗಳವನ್ನು ಬಿಡಿಸಲು ಆ ಪದಗಳನ್ನೇ ಬಳಸುವುದಕ್ಕೂ ಅಂತರವಿದೆ. ಆ ಅಂತರಕ್ಕಾಗಿ ಮೂರು ತರಗತಿ ಕೊಡುವುದು ದುಬಾರಿ ಎನಿಸಿದರೆ ಮೂರನೆಯದನ್ನು ಬಿಡಬಹುದು. ಎರಡನೆಯದನ್ನು ಬಿಡಬಾರದು ಎಂಬುದು ನನ್ನ ನಿಲುವು. (ಸೂಕ್ಷ್ಮಬೋಧನೆಯಲ್ಲಿ ನಾವು ಪ್ರಶ್ನಿಸುವ ಕೌಶಲ, ವಿವರಿಸುವ ಕೌಶಲ ಎಂದು ಒಂದೊಂದನ್ನೇ ರೂಢಿಸಿಕೊಂಡು ಬಂದು, ಪೂರ್ಣ ತರಗತಿಯಲ್ಲಿ ಅವು ಒಂದರ ಕಾಲನ್ನೊಂದು ತುಳಿಯುವುದನ್ನು ನೋಡುತ್ತೇವಲ್ಲ, ಅದೂ ಇದೇ ಬಗೆಯ ಸಮಸ್ಯೆ ಎಂದು ನನಗನ್ನಿಸುತ್ತದೆ.)

ಮೂರನೆಯ ತರಗತಿಯಲ್ಲಷ್ಟೇ ಮಕ್ಕಳು ಕಟ್ಟಿದರು, ಅದೂ ಖಾಲಿ ಪುಟದಿಂದಲ್ಲ. ಅದೇ ತುಣುಕಿನಿಂದ ಎರಡು ಪದರಗಳನ್ನು ತೆಗೆದುಹಾಕಿ ಆ ಜಾಗಕ್ಕೆ ತಮ್ಮವನ್ನು ಕೂರಿಸಬೇಕಿತ್ತು. 120ರ ಗತಿಯಲ್ಲಿ ಒಂದು ಬಡಿತಕ್ಕೆ ಅರ್ಧ ಸೆಕೆಂಡು, 16ರಲ್ಲಿ ಒಂದು ಮನೆಗೆ 0.125 ಸೆಕೆಂಡು ಎಂಬ ಲೆಕ್ಕವನ್ನು ಅವರೇ ಮಾಡಿಕೊಂಡರು. ಒಂದು ಜೋಡಿ ಕಿಕ್ ಡ್ರಮ್ ಮತ್ತು ಬೇಸ್ ಎರಡನ್ನೂ ಒಂದೇ ಮನೆಯಲ್ಲಿ ಇಟ್ಟಿತು. ಕೆಳ ಆವೃತ್ತಿಗಳೆರಡೂ ಒಟ್ಟಿಗೆ ಬಿದ್ದು ದನಿ ಮುದ್ದೆಯಾಯಿತು. ಆಮೇಲೆ ಬೇಸನ್ನು ಎರಡು ಮನೆ ಮುಂದಕ್ಕೆ ಸರಿಸಿದರು. ಏಕೆಂದು ಕೇಳಿದರೆ “ಚೆಂಡೆ ಬಡಿಯುವಾಗ ಭಾಗವತರು ನಿಲ್ತಾರಲ್ಲ ಟೀಚರ್” ಎಂದರು.

ಮೌಲ್ಯಮಾಪನದಲ್ಲಿ ತುಣುಕಿನ ಇಂಪಿಗೆ ಅಂಕ ಇಟ್ಟಿರಲಿಲ್ಲ. ಪ್ರತಿ ಜೋಡಿಗೂ ಒಂದೇ ಪ್ರಶ್ನೆ: ನಿಮ್ಮ ತುಣುಕಿನಿಂದ ನಾನು ಹೇಳುವ ಪದರವನ್ನು ಕಿತ್ತರೆ ಏನು ಕಳೆಯುತ್ತದೆ, ಏನು ತಿಳಿಯಾಗುತ್ತದೆ? ಉತ್ತರದಲ್ಲಿ ಆವೃತ್ತಿ, ಪಾರ, ಕಾಲ ಇವುಗಳಲ್ಲಿ ಒಂದಾದರೂ ಸರಿಯಾಗಿ ಬರಬೇಕು. ಈ ಪಾಠವನ್ನು ಮುಂದೆ ಕೈಗೆತ್ತಿಕೊಳ್ಳುವವರು ಹೆಡ್‌ಫೋನ್‌ಗಳನ್ನೂ, ಒಂದು ಕಿಂಡಿಯಿಂದ ಇಬ್ಬರು ಕೇಳುವ ಕವಲು ತಂತಿಗಳನ್ನೂ ಮೊದಲೇ ಹೊಂದಿಸಿಕೊಳ್ಳಬೇಕು. ಎಂಟು ಕಂಪ್ಯೂಟರ್‌ಗಳು ಒಟ್ಟಿಗೆ ಜೋರಾಗಿ ನುಡಿದರೆ ಪಕ್ಕದ ಕೊಠಡಿಯ ಗಣಿತ ಶಿಕ್ಷಕರು ಬಾಗಿಲಿಗೆ ಬರುತ್ತಾರೆ.