ಬ್ಲ್ಯಾಕ್ ಎಲ್ಕ್: ನುಡಿದವರೂ ಬರೆದವರೂ

ಶರಣರು ನುಡಿದುದಾವುದು, ಅನಂತರದವರು ಸೇರಿಸಿದುದಾವುದು ಎಂಬ ವಿಚಾರವು ವಚನಾಭ್ಯಾಸಿಗಳಿಗೆ ಹೊಸದಲ್ಲ. 'ಶೂನ್ಯಸಂಪಾದನೆ'ಯಲ್ಲಿ ವಚನಗಳನ್ನು ಸಂವಾದರೂಪವಾಗಿ ಹೆಣೆದವರು ಶರಣರಿಗಿಂತ ಶತಮಾನಗಳಷ್ಟು ಈಚಿನವರು. ಇದೇ ವಿಚಾರವು ಅಮೆರಿಕಾದ ಮೂಲನಿವಾಸಿಗಳಾದ ಸೂ ಜನಾಂಗದ ಅನುಭಾವಿಯೊಬ್ಬರ ವಿಷಯದಲ್ಲಿಯೂ ಏಳುತ್ತದೆ.

ಬ್ಲ್ಯಾಕ್ ಎಲ್ಕ್ ಎಂಬ ಇವರು ಆ ಜನಾಂಗದ ಓಗ್ಲಾಲಾ ಶಾಖೆಯವರು, ಜನನ 1863. ಎಲ್ಕ್ ಎಂಬುದು ಅಲ್ಲಿಯ ಹಿರಿಯ ಜಾತಿಯ ಜಿಂಕೆ. ಒಂಬತ್ತನೆಯ ವರ್ಷದಲ್ಲಿ ರೋಗದಿಂದ ನಿಶ್ಚೇಷ್ಟಿತರಾಗಿ ಮಲಗಿದ್ದಾಗ ಇವರಿಗೊಂದು ಮಹಾದರ್ಶನವಾಯಿತು. ನಾಲ್ಕು ದಿಕ್ಕುಗಳು, ಆಕಾಶ, ಭೂಮಿ ಇವುಗಳ ಶಕ್ತಿಗಳೇ ಆರು ಮಂದಿ ಪಿತಾಮಹರಾಗಿ ಮೇಘಮಂಡಲದಲ್ಲಿ ಕುಳಿತಿದ್ದರು. ಬಾಲಕನು ಅಂಜಿ ಅದನ್ನು ವರ್ಷಗಳ ಕಾಲ ಬಚ್ಚಿಟ್ಟನು. ಗುಡುಗು ಕೇಳಿದೊಡನೆ ನಡುಗುತ್ತಿದ್ದನು. ಕಂಡ ದರ್ಶನವನ್ನು ಜನರೆದುರು ಆಚರಿಸಿ ತೋರಿಸಿದ ಹೊರತು ಅದರ ಶಕ್ತಿಯು ಫಲಿಸದೆಂಬುದು ಆ ಜನರ ನಂಬಿಕೆ. ಹಿರಿಯರ ಮಾತಿನಂತೆ 1881ರಲ್ಲಿ ಕುದುರೆಗಳ ನೃತ್ಯವಾಗಿ ಅದನ್ನು ಆಚರಿಸಿದ ಮೇಲೆ ಅಂಜಿಕೆಯು ತೊಲಗಿತು. ತನಗೊಬ್ಬನಿಗೇ ಕಂಡುದು ತನ್ನೊಬ್ಬನ ಸೊತ್ತಲ್ಲವೆಂಬ ಈ ತತ್ತ್ವವು ಶರಣಬಂಧುಗಳ ಮನಸ್ಸಿಗೆ ಸುಲಭವಾಗಿ ಹಿಡಿಯುವಂತಹದು.

1890ರ ಡಿಸೆಂಬರ್ 29ರಂದು ವೂಂಡೆಡ್ ನೀ ಎಂಬಲ್ಲಿ ಸರಕಾರದ ಸೈನಿಕರು ಈ ಜನರ ಸ್ತ್ರೀಯರು ಮಕ್ಕಳೆನ್ನದೆ ಕೊಂದರು. ಅಂದಿನ ಘೋರವನ್ನು ಇವರು ಕಣ್ಣಾರೆ ಕಂಡರು. 1904ರಲ್ಲಿ ಕ್ರೈಸ್ತದೀಕ್ಷೆ ಹೊಂದಿ ನಿಕೋಲಸ್ ಎನಿಸಿಕೊಂಡು ಬಹುಕಾಲ ಕ್ಯಾಥೊಲಿಕ್ ಧರ್ಮಬೋಧಕರಾಗಿದ್ದರು.

1931ರಲ್ಲಿ ಜಾನ್ ನೈಹಾರ್ಟ್ ಎಂಬ ಕವಿಗೆ ಇವರು ತಮ್ಮ ಚರಿತ್ರೆಯನ್ನು ಹೇಳಿದರು. ಲಕೋಟಾ ಭಾಷೆಯ ನುಡಿಯನ್ನು ಮಗ ಬೆನ್ ಇಂಗ್ಲಿಷಿಗೆ ತಿರುಗಿಸಿದನು. ಕವಿಯ ಮಗಳು ಶೀಘ್ರಲಿಪಿಯಲ್ಲಿ ಬರೆದುಕೊಂಡಳು. ಕವಿಯು ತಿದ್ದಿ 1932ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಜನಾಂಗದ ಕನಸು ಮಡಿಯಿತೆಂದು ಅದರ ಕೊನೆಯಲ್ಲಿ ಬರುವ ಶೋಕವು ಲೋಕಪ್ರಸಿದ್ಧವಾಯಿತು. ಆದರೆ ರೇಮಂಡ್ ಡಿಮಾಲಿ ಎಂಬ ವಿದ್ವಾಂಸರು 1984ರಲ್ಲಿ ಮೂಲ ಟಿಪ್ಪಣಿಗಳನ್ನು ಅಚ್ಚುಹಾಕಿಸಲು, ಆ ಮಾತುಗಳು ಕವಿಯವೆಂದು ತಿಳಿದುಬಂತು. ಬೋಧಕರಾಗಿ ಕಳೆದ ದೀರ್ಘಕಾಲದ ವಿಚಾರವಂತೂ ಗ್ರಂಥದಲ್ಲಿ ಇಲ್ಲವೇ ಇಲ್ಲ. ಸೋತ ಜನಾಂಗದ ಮುದುಕನ ಬಾಯಲ್ಲಿ ನಿರಾಶೆಯೇ ಒಪ್ಪುವುದೆಂದು ಕವಿಗೆ ತೋರಿರಬೇಕು. ಕವಿಗೆ ಇದು ಒಪ್ಪಬಹುದು, ಸಾಧಕನಿಗೆ ಒಪ್ಪದು.

ಆ ಮುದುಕರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಜೋಸೆಫ್ ಎಪ್ಸ್ ಬ್ರೌನ್ ಎಂಬ ತರುಣನಿಗೆ ಪವಿತ್ರ ಚಿಲುಮೆಯ ಏಳು ವಿಧಿಗಳನ್ನು ವಿವರಿಸಿದರು. ಶಿಲೆಯ ಬಟ್ಟಲು ಭೂಮಿ, ಮರದ ಕೊಳವೆಯು ಬೆಳೆವುದೆಲ್ಲ, ಗರಿಗಳು ಹಾರುವುದೆಲ್ಲ, ಅದನ್ನು ಹಿಡಿದು ಪ್ರಾರ್ಥಿಸುವವನೊಡನೆ ಇವೆಲ್ಲವೂ ಪ್ರಾರ್ಥಿಸುವುವು. ಈ ಗ್ರಂಥವು 1953ರಲ್ಲಿ ಹೊರಬರುವ ಮೊದಲೇ, 1950ರ ಆಗಸ್ಟ್ 19ರಂದು, ಅವರು ತೀರಿಕೊಂಡರು.

1931ರ ಆ ಕಥನ ಮುಗಿದ ಬಳಿಕ ಅವರು ದಕ್ಷಿಣ ಡಕೋಟಾದ ಹಾರ್ನಿ ಶಿಖರವನ್ನೇರಿ, ಒಣಗಿದ ಪವಿತ್ರವೃಕ್ಷವು ಮರಳಿ ಚಿಗುರಲೆಂದು ಬೇಡಿದ್ದರು. ಸೂ ಜನರ ಮೇಲೆ ದಂಡೆತ್ತಿ ಬಂದಿದ್ದ ಸೇನಾನಿಯೊಬ್ಬನ ಹೆಸರಿದ್ದ ಆ ಶಿಖರಕ್ಕೆ 2016ರಲ್ಲಿ ಬ್ಲ್ಯಾಕ್ ಎಲ್ಕ್ ಶಿಖರವೆಂದು ನಾಮಕರಣವಾಯಿತು.