ಸಿ.ಟಿ. ಪರೀಕ್ಷೆಗೆ ಹೋಗುವ ಮುನ್ನ

"ಹೊಟ್ಟೆ ಖಾಲಿ ಇರಲಿ" ಎಂದು ದವಾಖಾನೆಯ ಚೀಟಿಯಲ್ಲಿ ಬರೆದಿತ್ತು. ಘೋಡಗೇರಿಯ ನಮ್ಮ ಮನೆಯಲ್ಲಿ ಅದನ್ನು ಓದಿ ಹೇಳಿದವನು ನಾನು. ಅಜ್ಜ ಅದನ್ನು ಏಕಾದಶಿಯ ಉಪವಾಸವೆಂದೇ ತಿಳಿದರು. ಹಿಂದಿನ ರಾತ್ರಿಯಿಂದ ಏನನ್ನೂ ಮುಟ್ಟಲಿಲ್ಲ. ಬೆಳಿಗ್ಗೆ ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಮಾತ್ರ ತಪ್ಪದೆ ನುಂಗಿದರು. ಘಟಪ್ರಭೆಯಲ್ಲಿ ರೈಲು ಹತ್ತಿ ಬೆಳಗಾವಿ ಮುಟ್ಟುವಷ್ಟರಲ್ಲಿ ಅವರ ಮೈ ಬೆವೆತು ಕೈ ನಡುಗಹತ್ತಿದವು. ಸಕ್ಕರೆ ನೀರು ಕುಡಿಸಿದ ಮೇಲೆ ಚೇತರಿಸಿಕೊಂಡರು. ಪರೀಕ್ಷೆ ಮರುದಿನಕ್ಕೆ ಹೋಯಿತು. ಚೀಟಿಯ ಹಿಂಬದಿಯಲ್ಲಿ "ಮಧುಮೇಹವಿದ್ದವರು ಮೊದಲೇ ಕೇಳಿರಿ" ಎಂದಿತ್ತು. ಅದನ್ನು ನಾನು ತಿರುವಿ ನೋಡಿರಲಿಲ್ಲ. ಆ ತಪ್ಪೇ ಈ ಲೇಖನಕ್ಕೆ ಕಾರಣ.

ಸಾಮಾನ್ಯ ಕ್ಷ-ಕಿರಣದ ಚಿತ್ರವು ದೇಹದ ನೆರಳು ಮಾತ್ರ. ಸಿ.ಟಿ. ಯಂತ್ರದಲ್ಲಿ ಅದೇ ಕಿರಣಗಳು ದೇಹದ ಸುತ್ತ ತಿರುಗುತ್ತ ಹಾಯುತ್ತವೆ. ಗಣಕಯಂತ್ರವು ಲೆಕ್ಕ ಹಾಕಿ, ಸವತಿಕಾಯಿಯನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿ ತೋರಿಸಿದಂತೆ ಒಳಭಾಗವನ್ನು ತೋರಿಸುತ್ತದೆ. ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ನಿರ್ಮಿಸಿದ ಯಂತ್ರದಿಂದ 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಮೊದಲ ರೋಗಿಯ ಮೆದುಳಿನ ಪರೀಕ್ಷೆ ನಡೆಯಿತು. 1979ರಲ್ಲಿ ಅವರಿಗೂ ಅಲನ್ ಕಾರ್ಮ್ಯಾಕ್ ಅವರಿಗೂ ನೊಬೆಲ್ ಪಾರಿತೋಷಕ ದೊರೆಯಿತು.

ರಕ್ತನಾಳ, ಪಿತ್ತಕೋಶ ಮೊದಲಾದವು ಸ್ಪಷ್ಟವಾಗಿ ಕಾಣಲೆಂದು ಕೆಲವೊಮ್ಮೆ ಅಯೋಡಿನ್ ಕೂಡಿದ ಔಷಧವನ್ನು ನರಕ್ಕೆ ಚುಚ್ಚುತ್ತಾರೆ. ಇದಕ್ಕೆ ಕಾಂಟ್ರಾಸ್ಟ್ ಎನ್ನುವರು. ಹೊಟ್ಟೆ ಖಾಲಿ ಇರಲಿ ಎನ್ನುವುದು ಹೆಚ್ಚಾಗಿ ಇದರ ಸಲುವಾಗಿಯೇ. ಎಷ್ಟು ತಾಸು, ನೀರು ಕುಡಿಯಬಹುದೇ, ಯಾವ ಗುಳಿಗೆ ನುಂಗಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಕೇಳಿಯೇ ತಿಳಿಯಬೇಕು. ಊಟ ಬಿಟ್ಟು ಸಕ್ಕರೆ ಕಾಯಿಲೆಯ ಗುಳಿಗೆ ಇಲ್ಲವೆ ಇನ್ಸುಲಿನ್ ತೆಗೆದುಕೊಂಡರೆ ರಕ್ತದ ಸಕ್ಕರೆ ಇಳಿದು ಅಪಾಯವಾದೀತು. ಈ ಔಷಧವು ಮೂತ್ರಪಿಂಡಗಳ ಮೂಲಕ ಹೊರಹೋಗುವುದರಿಂದ ಮೊದಲು ರಕ್ತದ ಕ್ರಿಯಾಟಿನಿನ್ ನೋಡುವುದುಂಟು. ಮೂತ್ರಪಿಂಡ ದುರ್ಬಲವಿದ್ದವರಲ್ಲಿ ಮೆಟ್‌ಫಾರ್ಮಿನ್ ಗುಳಿಗೆಯನ್ನು ಕೆಲಕಾಲ ನಿಲ್ಲಿಸಲು ವೈದ್ಯರು ಹೇಳಬಹುದು, ತಾವಾಗಿಯೇ ನಿಲ್ಲಿಸಬಾರದು.

ಕಿರಣಗಳು ಗರ್ಭದ ಶಿಶುವಿಗೆ ತಾಗಬಾರದಾದ್ದರಿಂದ, ಗರ್ಭಿಣಿಯರು ಹಾಗೂ ಆ ಸಂದೇಹವುಳ್ಳವರು ಸಂಕೋಚಪಡದೆ ಮೊದಲೇ ತಿಳಿಸಬೇಕು. ಪರೀಕ್ಷಿಸುವ ಭಾಗದಲ್ಲಿ ಲೋಹವಿದ್ದರೆ ಚಿತ್ರ ಕೆಡುತ್ತದೆ. ಸರ, ಕಿವಿಯೋಲೆ, ಬೆಳ್ಳಿಯ ಉಡದಾರಗಳನ್ನು ಮನೆಯಲ್ಲೇ ಬಿಟ್ಟು ಬರುವುದು ಲೇಸು. ಹಳೆಯ ಚಿತ್ರ ಮತ್ತು ಔಷಧದ ಚೀಟಿಗಳನ್ನು ಮಾತ್ರ ಮರೆಯಬಾರದು.

ಯಂತ್ರದೊಳಗೆ ಅಲುಗಾಡದೆ ಮಲಗಿ, ಹೇಳಿದಾಗ ಉಸಿರು ಹಿಡಿಯಬೇಕು. ಔಷಧ ಏರುವಾಗ ಮೈ ಬೆಚ್ಚಗಾಗುವುದು ಸಹಜ. ತುರಿಕೆಯೋ ಉಸಿರಾಟದ ತೊಂದರೆಯೋ ಆದರೆ ತಕ್ಷಣ ಕೂಗಿ ಹೇಳಬೇಕು.

ಮರುದಿನ ವೈದ್ಯರು, "ಹಿಂದೆ ಇಂಥ ಔಷಧದಿಂದ ತ್ರಾಸು ಆಗಿತ್ತೇನು, ಅಜ್ಜಾರ?" ಎಂದು ಕೇಳಿದರು. ಅಜ್ಜ ಇಲ್ಲವೆಂದು ತಲೆಯಾಡಿಸಿದರು. ನಾನು, "ಕಲ್ಲಿನ ಬ್ಯಾನಿ ಆದಾಗ ಎಕ್ಸ್‌ರೇ ತೆಗೆಯೋ ಮುಂದ ಸೂಜಿ ಮಾಡಿದ್ರಲ್ಲ, ಮೈಯೆಲ್ಲಾ ದದ್ದು ಎದ್ದಿದ್ವು ಅಂತ ಅವ್ವ ಹೇಳ್ತಾಳ" ಎಂದೆ. "ಅದು ಹಳೇ ಮಾತು, ಈಗ್ಯಾಕ?" ಎಂದರು ಅಜ್ಜ. ವೈದ್ಯರು ಬರೆಯುತ್ತಿದ್ದ ಲೇಖನಿಯನ್ನು ಕೆಳಗಿಟ್ಟರು. ವಿಚಾರಮಾಡಿ, ಔಷಧ ಚುಚ್ಚದೆಯೇ ಪರೀಕ್ಷೆ ಮುಗಿಸಿದರು. ಹೊಸದೊಂದು ಕಲ್ಲು ಅಷ್ಟರಲ್ಲೇ ಕಾಣಿಸಿತು.

ಮಿತ್ರರೇ, ನಮ್ಮ ಮನೆಗಳಲ್ಲಿ ಚೀಟಿ ಓದುವವರು ನಾವು. ಎರಡೂ ಬದಿ ಓದೋಣ. ಹಳೆಯ ಮಾತನ್ನೂ ಕೇಳಿ ತಿಳಿಸೋಣ. ಹಸಿದ ಹೊಟ್ಟೆಗಿಂತ ಮುಚ್ಚಿಡದ ಮಾತೇ ಈ ಪರೀಕ್ಷೆಯ ಮೊದಲ ಸಿದ್ಧತೆ.